ಬಂದರೆ, ಕಟ್ಟದಿದ್ದರೆ

‘ಬಂದರೆ ಹೇಳು’ ಎಂಬುದು ನಮ್ಮೂರಿನಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು. ಬಸ್ಸು ಬಂದರೆ, ಕರೆಂಟು ಬಂದರೆ, ಹಾಲಿನ ಡೈರಿಯವನು ಬಂದರೆ, ಸೋದರತ್ತೆ ಬಂದರೆ; ಯಾರು, ಏನು ಎಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಎರಡೇ ಪದದಲ್ಲಿ ಕೆಲಸ ಮುಗಿಯಿತು. ಇದನ್ನು ಇಂಗ್ಲಿಷಿಗೆ ತಿರುಗಿಸಿ ಎಂದರೆ ಮಾತ್ರ ಅಲ್ಲಿಯೇ ವಿಚಾರಣೆ ಶುರುವಾಗುತ್ತದೆ. ಬರತಕ್ಕದ್ದು ಗಂಡಸೋ ಹೆಂಗಸೋ ವಸ್ತುವೋ? ಒಬ್ಬರೋ ಹಲವರೋ? ‘ಇಫ್ ಹೀ ಕಮ್ಸ್’, ‘ಇಫ್ ಶೀ ಕಮ್ಸ್’, ‘ಇಫ್ ಇಟ್ ಕಮ್ಸ್’, ‘ಇಫ್ ದೇ ಕಮ್’, ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ನಮ್ಮ ‘ಬಂದರೆ’ ಎಂಬ ಒಬ್ಬಂಟಿ ಮಾಡುವ ಕೆಲಸಕ್ಕೆ ಆ ಭಾಷೆಯಲ್ಲಿ ಮೂವರು ಆಳು: ಕೂಡಿಸುವುದಕ್ಕೆ ಒಂದು ಕಂಜಂಕ್ಷನ್, ನಿಲ್ಲುವುದಕ್ಕೆ ಒಂದು ಸರ್ವನಾಮ, ನಡೆಸುವುದಕ್ಕೆ ಒಂದು ಕ್ರಿಯಾಪದ.

ಇದು ಇಂಗ್ಲಿಷಿನ ದುಂದುವೆಚ್ಚವೆಂದು ನಗುವಂತಿಲ್ಲ. ನಮ್ಮ ಕ್ರಿಯಾಪದ ತನ್ನ ಯಜಮಾನನ ಗುರುತನ್ನು ಬಾಲದಲ್ಲಿಯೇ ಹೊತ್ತು ತಿರುಗುತ್ತದೆ. ಬಂದೆನು, ಬಂದನು, ಬಂದಳು, ಬಂದಿತು, ಬಂದರು, ಬಂದವು. ‘ಬಂದಳು’ ಎಂದ ಮೇಲೆ ‘ಅವಳು’ ಎನ್ನುವುದು ಬೇಕಾದರೆ ಉಂಟು, ಬೇಡವಾದರೆ ಇಲ್ಲ. ಇಂಗ್ಲಿಷಿನಲ್ಲಿಯಾದರೋ ಎಲ್ಲರಿಗೂ ಒಂದೇ ‘ಕೇಮ್’. ಸಾವಿರ ವರ್ಷಗಳ ಹಿಂದೆ ಆ ಭಾಷೆಯ ಕ್ರಿಯಾಪದಗಳಿಗೂ ಈಗಿಗಿಂತ ಹೆಚ್ಚು ಬಾಲಗಳಿದ್ದವು. ಕಾಲಕ್ರಮದಲ್ಲಿ ಸವೆದು ಹೋಗಿ, ‘ಕಮ್ಸ್’ ಎಂಬಲ್ಲಿಯ ಕೊನೆಯ ‘ಸ್’ ಒಂದು ಹಳೆಯ ಮನೆತನದ ಪಳೆಯುಳಿಕೆಯ ಹಾಗೆ ನಿಂತಿದೆ. ಬಾಲ ಹೋದ ಮೇಲೆ ಸರ್ವನಾಮ ಮುಂದೆ ಬಂದು ನಿಲ್ಲಲೇಬೇಕಲ್ಲವೆ? ಈ ಹಟ ಎಲ್ಲಿಗೆ ಮುಟ್ಟಿದೆಯೆಂದರೆ, ಮಳೆ ಬರುವಾಗಲೂ ಅವರಿಗೆ ಒಬ್ಬ ಕರ್ತೃ ಬೇಕು. ‘ಇಟ್ ಈಸ್ ರೈನಿಂಗ್’ ಎನ್ನುತ್ತಾರೆ. ಆ ‘ಇಟ್’ ಯಾರೆಂದು ಕೇಳಿದರೆ ಯಾರೂ ಅಲ್ಲ; ಖಾಲಿ ಕುರ್ಚಿಯ ಮೇಲೆ ಹಾಸಿದ ಟವೆಲ್ಲು.

ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಪಿ.ಯು.ಸಿ.ಯವರೆಗೆ ಓದಿದ್ದೆಲ್ಲ ಕನ್ನಡ ಮಾಧ್ಯಮ. ನನ್ನಂಥವರು ಈ ತರಗತಿಗಳಲ್ಲಿ ಬಹಳ ಮಂದಿ ಇದ್ದಾರೆ. ಇಂಗ್ಲಿಷ್ ಪದಗಳಿಗಿಂತ ಪದಗಳ ನಡುವಿನ ಕೀಲುಗಳೇ ಕಾಡುತ್ತವೆಂಬುದು ಅವರಿಗೆ ಗೊತ್ತು. ‘ಸಂತೆಗೆ ಹೋಗಿ ರಾಗಿ ಮಾರಿ ಉಪ್ಪು ತಂದಳು’ ಎಂಬಲ್ಲಿ ಪೂರ್ತಿಯಾದ ಕ್ರಿಯಾಪದ ಒಂದೇ, ತಂದಳು. ಹೋಗಿ, ಮಾರಿ ಎಂಬುವು ಕೃದಂತಾವ್ಯಯಗಳು. ಕಡೆಯ ಕ್ರಿಯಾಪದದ ಕೈ ಹಿಡಿದುಕೊಂಡೇ ನಡೆಯುತ್ತವೆ. ಇಂಗ್ಲಿಷಿನಲ್ಲಿ ‘ಅಂಡ್’ ಹಾಕಿದರೆ ಇದಕ್ಕೆ ಹತ್ತಿರ ಬರುತ್ತದೆ. ಆ ‘ಅಂಡ್’ ಉದಾರಿ, ಎರಡನೆಯ ಸಲ ‘ಶೀ’ ಕೇಳುವುದಿಲ್ಲ. ‘ಬಿಕಾಸ್’ ಹಾಗಲ್ಲ. ‘ಬಿಕಾಸ್ ವಾಸ್ ಟೈರ್ಡ್’ ಎಂದು ಬರೆದರೆ ಕೆಂಪು ಗೆರೆ ಖಂಡಿತ. ‘ಇಫ್’, ‘ವೆನ್’, ‘ದೋ’ ಇವುಗಳದೂ ಸಾಮಾನ್ಯವಾಗಿ ಅದೇ ಜಾತಿ. ಇನ್ನು ‘ದೋ’ ಎಂದು ಆರಂಭಿಸಿದವರು ನಡುವೆ ‘ಬಟ್’ ಹಾಕಬಾರದು. ಎರಡು ಹಲಗೆಗೆ ಒಂದೇ ಕೀಲು ಎಂಬುದು ಅವರ ಬಡಗಿಯ ಲೆಕ್ಕ.

ಒಂದು ವಿಷಯದಲ್ಲಿ ಮಾತ್ರ ಎರಡು ಭಾಷೆಗಳೂ ಒಂದಾಗಿವೆ; ಇದು ತಿಳಿದ ದಿನ ನನಗೆ ಬಹಳ ಸಂತೋಷವಾಯಿತು. ನಾಳೆ ನಡೆಯುವ ಸಂಗತಿಯಾದರೂ ‘ಇಫ್’ ಆದ ಮೇಲೆ ‘ವಿಲ್’ ಹಾಕಬೇಡಿ, ‘ಇಫ್ ಹೀ ಕಮ್ಸ್ ಟುಮಾರೋ’ ಎನ್ನಿ, ಎಂದು ನಮಗೆ ಕಲಿಸುತ್ತಾರೆ. ಇದೇನು ವಿಚಿತ್ರ ಎಂದು ಬೆಂಚಿನಲ್ಲಿ ಪಿಸುಗುಟ್ಟುವ ನಾವೂ ‘ನಾಳೆ ಬಂದರೆ’ ಎಂದೇ ಹೇಳುತ್ತೇವಲ್ಲ! ‘ಬಂದ’ ಎಂಬುದು ನಿನ್ನೆಯ ರೂಪ. ಇನ್ನೂ ಆಗದ ಮಾತಿಗೆ ಅವರು ಇಂದಿನ ಅಂಗಿ ತೊಡಿಸುತ್ತಾರೆ, ನಾವು ನಿನ್ನೆಯದು. ಜರ್ಮನಿಯಿಂದ 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲ್ ಮಹಾಶಯರು ನಾವು ಹತ್ತುತ್ತಿರುವ ಏಣಿಯನ್ನೇ ಆಚೆಯ ಬದಿಯಿಂದ ಹತ್ತಿದವರು. ಇಂಗ್ಲಿಷಿನಲ್ಲಿ ಬರೆದ ಅವರ ಕನ್ನಡ ವ್ಯಾಕರಣ 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ‘ಬಂದ ಹುಡುಗಿ’ ಎಂಬಲ್ಲಿ ‘ಹೂ’ ಎಂಬ ಸರ್ವನಾಮ ಎಲ್ಲಿ ಹೋಯಿತೆಂದು ಅವರೂ ಮೊದಮೊದಲು ಹುಡುಕಿರಬಹುದೆಂದು ಊಹಿಸಿಕೊಂಡರೆ ಮನಸ್ಸಿಗೆ ಸಮಾಧಾನ.

ಇದೆಲ್ಲ ಪರೀಕ್ಷೆಯ ಅಂಕಗಳಿಗೆ ಬೇಕಾದ ವಿದ್ಯೆ, ಬದುಕಿಗೇನು ಎನ್ನುವ ಗೆಳತಿಯರಿದ್ದಾರೆ. ಅವರಿಗೆ ಕಳೆದ ಕಾರ್ತಿಕದಲ್ಲಿ ನಮ್ಮ ಮನೆಗೆ ಬಂದ ಒಂದು ಕಾಗದದ ವಿಚಾರ ಹೇಳಬೇಕು. ಕೊಳವೆಬಾವಿ ಕೊರೆಸಲೆಂದು ಅವ್ವನ ಎರಡೆಳೆ ಸರವನ್ನೂ ಓಲೆಯನ್ನೂ ಒಂದು ಬ್ಯಾಂಕಿನಲ್ಲಿ ಅಡವಿಟ್ಟಿದ್ದೆವು. ಕಾಗದ ಅಲ್ಲಿಂದ ಬಂದದ್ದು, ಪೂರಾ ಇಂಗ್ಲಿಷಿನಲ್ಲಿ. ಅಂಗಡಿಯ ಮುಂದೆ ಕೂತಿದ್ದ ಯಾರೋ ಅದನ್ನು ನೋಡಿ ‘ಹರಾಜು’ ಎಂಬ ಒಂದು ಪದವನ್ನು ಮಾತ್ರ ಹೆಕ್ಕಿ ಹೇಳಿದ್ದರು. ನಾನು ಸಂಜೆಯ ಬಸ್ಸಿಗೆ ಬರುವ ಹೊತ್ತಿಗೆ ಅವ್ವ ಮಧ್ಯಾಹ್ನದ ಊಟವನ್ನೂ ಮಾಡದೆ ಜಗಲಿಯ ಮೇಲೆ ಕೂತಿದ್ದಳು.

ಆ ವಾಕ್ಯ ಹೀಗಿತ್ತು: ‘ಅನ್‌ಲೆಸ್ ಯೂ ಪೇ ದಿ ಇಂಟರೆಸ್ಟ್ ವಿದಿನ್ ಥರ್ಟಿ ಡೇಸ್, ದೇ ವಿಲ್ ಬಿ ಸೋಲ್ಡ್ ಇನ್ ಆಕ್ಷನ್.’ ಹರಾಜು ಇದ್ದದ್ದು ನಿಜ, ಕಡೆಯಲ್ಲಿ. ಆದರೆ ಮೊದಲಲ್ಲಿ ಒಂದು ‘ಅನ್‌ಲೆಸ್’ ಇತ್ತು. ‘ಇಫ್’ ಮತ್ತು ‘ನಾಟ್’ ಎರಡನ್ನೂ ನುಂಗಿ ಕೂತ ಕಂಜಂಕ್ಷನ್ ಅದು. ನಾವು ಆ ‘ಇಲ್ಲ’ವನ್ನು ಕ್ರಿಯಾಪದದ ಹೊಟ್ಟೆಯೊಳಗೇ ಇಡುತ್ತೇವೆ. “ಕಟ್ಟದಿದ್ದರೆ ಅಂತ ಐತೆ ಅವ್ವ. ಮೂವತ್ತು ದಿನ ಟೈಮೈತೆ. ಮಾರಿಲ್ಲ” ಎಂದೆ. ಅವ್ವ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ಪದ ಎಲ್ಲಿದೆಯೆಂದು ಕೇಳಿ, ಬೆರಳಿಟ್ಟು ನೋಡಿದಳು.

ಆಮೇಲೆ ‘ದೇ’. ನಮಗೆ ಜನರಾದರೆ ಅವರು, ವಸ್ತುಗಳಾದರೆ ಅವು. ಇಂಗ್ಲಿಷಿನವರಿಗೆ ಎರಡೂ ಒಂದೇ. ಇಲ್ಲಿ ‘ದೇ’ ಎಂದರೆ ಸರ, ಓಲೆ. ಹಾಗಾದರೆ ಮಾರುವವರು? “ಮಾರೋರು ಯಾರು?” ಎಂದು ಅವ್ವನೂ ಕೇಳಿದಳು. ಬರೆದಿರಲಿಲ್ಲ. ಕರ್ತೃವಿಲ್ಲದೆ ಮಳೆಯೂ ಸುರಿಯಬಾರದೆನ್ನುವ ಭಾಷೆ, ಹೆಂಗಸೊಬ್ಬಳ ಕೊರಳಿನ ಸರ ಮಾರುವಾಗ ‘ವಿಲ್ ಬಿ ಸೋಲ್ಡ್’ ಎಂದು ಕರ್ತೃವನ್ನು ಹಿತ್ತಲ ಬಾಗಿಲಿನಿಂದ ಕಳಿಸಿಬಿಡುತ್ತದೆ. ನಮ್ಮ ಕಚೇರಿಗಳ ‘ಹರಾಜು ಮಾಡಲಾಗುವುದು’ ಕೂಡ ಇದೇ ಸಾಮು. ಮನೆಯಲ್ಲಿ ಯಾರೂ ‘ಊಟ ಮಾಡಲಾಗುವುದು’ ಎನ್ನುವುದಿಲ್ಲ.

ಅವ್ವನ ಮುಂದಿನ ಪ್ರಶ್ನೆ ನಾನು ಎಣಿಸಿರದದ್ದು. “ನನ್ನ ನೀನು ಅಂದವ್ರೋ, ನೀವು ಅಂದವ್ರೋ?”

‘ಯೂ’ ಎಂಬುದಕ್ಕೆ ಏನೆಂದು ಹೇಳಲಿ? ಇಂಗ್ಲಿಷಿನಲ್ಲಿಯೂ ಹಿಂದೆ ಏಕವಚನಕ್ಕೆ ‘ದೌ’ ಎಂಬ ‘ನೀನು’ ಬೇರೆಯಾಗಿ ಇತ್ತು. ಬಹುವಚನದ ‘ಯೂ’ ಗೌರವಕ್ಕಾಗಿ ಒಬ್ಬರಿಗೂ ಬಳಕೆಯಾಗಿ, ಕಡೆಗೆ ಎಲ್ಲರಿಗೂ ಹರಡಿ, ‘ದೌ’ ದಿನಬಳಕೆಯಿಂದ ಹೆಚ್ಚುಕಡಿಮೆ ಮರೆಯಾಯಿತು. ಆದ್ದರಿಂದಲೇ ಒಬ್ಬರೇ ಎದುರಿಗಿದ್ದರೂ ‘ಯೂ ಆರ್’ ಎಂದು ಬಹುವಚನದ ಕ್ರಿಯಾಪದ. ಈ ಚರಿತ್ರೆಯ ಬಲದ ಮೇಲೆ “ನೀವು ಅಂತ ಐತೆ” ಎಂದೆ.

“ಕೌಂಟ್ರಾಗೆ ಕೂತೋನು ನೀನು ಅಂತಾನಲ್ಲ” ಎಂದಳು ಅವ್ವ. ನಾನೂ ಅವ್ವನನ್ನು ನೀನು ಎಂದೇ ಕರೆಯುವುದು. ಅದರ ಬಾಬತ್ತು ಬೇರೆ.

ಮರುದಿನ ಉತ್ತರ ಬರೆಯಲು ಕೂತೆವು. ರಾಗಿ ಕೊಯ್ಲಾಗಿತ್ತು, ಒಕ್ಕಣೆ ಆಗಿರಲಿಲ್ಲ. ‘ನಮ್ಮ ತಾಯಿಯವರು ತಿಳಿಸುವುದೇನೆಂದರೆ’ ಎಂಬ ಧಾಟಿಯಲ್ಲಿ ಬರೆಯಲೇ ಎಂದು ಕೇಳಿದ್ದಕ್ಕೆ, “ಸಾಲ ನಂದು, ನಾನು ಅಂತ್ಲೇ ಬರಿ. ರಾಗಿ ಮಾರಿ ಬಡ್ಡಿ ಕಟ್ತೀನಿ ಅನ್ನು” ಎಂದಳು. ನಾನು ಬರೆದೆ: ‘ಐ ವಿಲ್ ಪೇ ದಿ ಇಂಟರೆಸ್ಟ್ ಆಫ್ಟರ್ ಐ ಸೆಲ್ ದಿ ರಾಗಿ.’ ‘ನಾನು’ ಎಂಬುದು ಯಾವುದು ಎಂದು ಕೇಳಿದಳು. ಅವರು ಯಾವಾಗಲೂ ದೊಡ್ಡಕ್ಷರದಲ್ಲಿ ಬರೆಯುವ, ನೆಟ್ಟ ಕಂಬದಂಥ ಆ ‘ಐ’ಯನ್ನು ತೋರಿಸಿದೆ.

“ಎರಡು ಐತಲ್ಲ?”

“ಮಾರೋಳು ನೀನೇ, ಕಟ್ಟೋಳೂ ನೀನೇ ಅಂತ ಎರಡು ಸಲ ಹೇಳಬೇಕು ಅವ್ವ ಅವರಿಗೆ.”

“ಇರ್ಲಿ ಬುಡು” ಎಂದು ಕೆಳಗೆ ಕನ್ನಡದಲ್ಲಿ ತನ್ನ ಹೆಸರು ಬರೆದಳು; ಅಷ್ಟು ಅಕ್ಷರವನ್ನು ಅವಳಿಗೆ ಕಲಿಸಿದ್ದು ನಾನು ಏಳನೆಯ ತರಗತಿಯಲ್ಲಿದ್ದಾಗ. ಒಕ್ಕಣೆಯಾಗಿ ರಾಗಿ ಮಾರಿ, ಇಪ್ಪತ್ತಾರನೆಯ ದಿನ ಬಡ್ಡಿ ಕಟ್ಟಿ ಬಂದೆವು. ರಸೀದಿ ತಗಡಿನ ಪೆಟ್ಟಿಗೆಯಲ್ಲಿದೆ. ಸರ, ಓಲೆ ಇನ್ನೂ ಅಲ್ಲಿಯೇ ಇವೆ.