ಎತ್ತಿಟ್ಟುಕೊಂಡದ್ದು

ಹಳೆಯ ಫೋನಿನ ಫೋಟೊಗಳನ್ನು ಅಳಿಸುತ್ತ ಕೂತಿದ್ದೆ. ಒಂದು ಸ್ಕ್ರೀನ್‌ಶಾಟ್ ಬಂದಾಗ ಬೆರಳು ನಿಂತಿತು. ಗೆಳೆಯನೊಬ್ಬ ಕುಡಿದ ಅಮಲಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರ ಬಗ್ಗೆ ಬಾಯಿಗೆ ಬಂದಂತೆ ಬರೆದು ಕಳಿಸಿದ್ದು. ಬೆಳಿಗ್ಗೆ ಎದ್ದವನೇ ಅಳಿಸಿದ್ದ. ಅಷ್ಟರಲ್ಲಿ ನಾನು ಎತ್ತಿಟ್ಟುಕೊಂಡಿದ್ದೆ. ಆಗ ನಾವಿಬ್ಬರೂ ಅಲ್ಲಿನ ಒಂದೇ ಹುದ್ದೆಗೆ ಅರ್ಜಿ ಹಾಕಿದ್ದೆವು.

ರಷ್ಯನ್ನರ ಬಳಿ ಇದಕ್ಕೊಂದು ಪದವಿದೆ: ಕೊಂಪ್ರೊಮಾತ್. ಮಾನ ಕಳೆಯುವ ಸಾಮಗ್ರಿ ಎಂದು ಅರ್ಥ. ಉದ್ದುದ್ದ ಪದಗಳ ತಲೆಗಳನ್ನಷ್ಟೇ ಕತ್ತರಿಸಿ ಜೋಡಿಸುವುದು ಸೋವಿಯತ್ ಕಾಲದ ಚಟ. ಸಾಮೂಹಿಕ ಬೇಸಾಯದ ‘ಕೋಲ್‌ಖೋಜ್’ ಕೂಡ ಹಾಗೆಯೇ ಹುಟ್ಟಿದ್ದು. ಇದು ಗುಪ್ತ ಪೊಲೀಸರ ಆಡುನುಡಿಯಿಂದ ಬಂದದ್ದು. ನಮ್ಮ ಕಿವಿಗೆ ಕೊನೆಯಲ್ಲಿ ‘ಮಾತು’ ಕೇಳಿಸುತ್ತದೆ. ಇದರ ಕೆಲಸವೋ, ಬಾಯಿ ಮುಚ್ಚಿಸುವುದು.

1999ರಲ್ಲಿ ಯೂರಿ ಸ್ಕುರಾತೊವ್ ರಷ್ಯಾದ ಪ್ರಾಸಿಕ್ಯೂಟರ್ ಜನರಲ್. ಕ್ರೆಮ್ಲಿನ್ ನವೀಕರಣದ ಗುತ್ತಿಗೆಗಳಲ್ಲಿನ ಭ್ರಷ್ಟಾಚಾರವನ್ನು ಕೆದಕುತ್ತಿದ್ದರು. ಫೆಬ್ರವರಿಯಲ್ಲಿ ಅವರಿಗೆ ಒಂದು ವಿಡಿಯೊ ತೋರಿಸಲಾಯಿತು. ಆರೋಗ್ಯ ಸರಿಯಿಲ್ಲವೆಂದು ರಾಜೀನಾಮೆ ಬರೆದುಕೊಟ್ಟರು. ಸಂಸತ್ತಿನ ಮೇಲ್ಮನೆ ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಸರ್ಕಾರಿ ಟೀವಿ ಅದನ್ನು ರಾತ್ರಿ ಪ್ರಸಾರ ಮಾಡಿತು: ಮಸುಕು ಚಿತ್ರ, ಇಬ್ಬರು ಯುವತಿಯರು, ‘ಪ್ರಾಸಿಕ್ಯೂಟರ್ ಜನರಲ್‌ರನ್ನು ಹೋಲುವ ವ್ಯಕ್ತಿ’. ಆ ನುಡಿಗಟ್ಟು ಇಂದಿಗೂ ರಷ್ಯನ್ನರ ನಗೆಮಾತು. ಅದು ಅವರೇ ಎಂದು ಬಹಿರಂಗವಾಗಿ ಹೇಳಿದವರಲ್ಲಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಪುಟಿನ್ ಒಬ್ಬರು. ಆಗಸ್ಟ್‌ನಲ್ಲಿ ಅವರು ಪ್ರಧಾನಿಯಾದರು.

ನನ್ನನ್ನು ಕಾಡುವುದು ಪ್ರಸಾರಕ್ಕಿಂತ ಫೆಬ್ರವರಿಯ ಆ ಕೋಣೆ. ಊರೆಲ್ಲ ನೋಡಿದ ಮೇಲೂ ಸ್ಕುರಾತೊವ್ ಹೆಸರಿಗಾದರೂ ಇನ್ನೊಂದು ವರ್ಷ ಹುದ್ದೆಯಲ್ಲಿದ್ದರು. ಯಾರೂ ನೋಡದಿದ್ದಾಗಲೇ ಅದು ಅವರಿಂದ ರಾಜೀನಾಮೆ ಬರೆಸಿತ್ತು.

ನಾನು ಸ್ಕ್ರೀನ್‌ಶಾಟನ್ನು ಯಾರಿಗೂ ಕಳಿಸಲಿಲ್ಲ. ಹುದ್ದೆ ಅವನಿಗೇ ಸಿಕ್ಕಿತು. ಬಹಳ ದಿನ ನನ್ನನ್ನು ನಾನು ಒಳ್ಳೆಯವನೆಂದೇ ಅಂದುಕೊಂಡಿದ್ದೆ. ಆದರೆ ಒಮ್ಮೆ ಕ್ಯಾಂಟೀನಿನಲ್ಲಿ, ಯಾವುದೋ ಕಾದಂಬರಿಯ ಬಗ್ಗೆ ವಾದ ಬಿಸಿಯೇರಿದಾಗ, “ಆ ರಾತ್ರಿ ಏನೇನು ಬರೆದಿದ್ದೆ, ನೆನಪಿದೆಯೇನೋ?” ಎಂದೆ. ನಗುತ್ತಲೇ ಕೇಳಿದ್ದು. ಅವನು ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ನೋಡುತ್ತ ಸುಮ್ಮನಾದ. ಕಾದಂಬರಿಯ ಬಗ್ಗೆ ನಾನು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ. ಆಮೇಲೆ ನಮ್ಮ ಭೇಟಿಗಳು ಕಡಿಮೆಯಾದವು. ಅವನಿಗೆ ಕೆಲಸ ಜಾಸ್ತಿ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಅಳಿಸಿದೆ. ಅಳಿಸಿದ ಚಿತ್ರ 30 ದಿನ ಇನ್ನೊಂದು ಕಡತದಲ್ಲಿ ಇರುತ್ತದೆ ಎಂದಿತು ಫೋನು. ಅಲ್ಲಿಂದಲೂ ತೆಗೆಯಲು ಹೋದವನು ಮತ್ತೆ ತೆರೆದು, ಪೂರ್ತಿ ಓದಿದೆ.