ತಂತಿಯ ಬೆಲೆಯೂ ನಾದದ ಬೆಲೆಯೂ

ಬೆಲೆ ಹೆಚ್ಚಾದುದೆಲ್ಲ ಮೇಲಾದುದೆಂಬ ನಂಬಿಕೆ ಮನುಷ್ಯನಲ್ಲಿ ಆಳವಾಗಿ ಬೇರೂರಿದೆ. ಮಾವಿನ ಹಣ್ಣನ್ನು ಕೊಳ್ಳುವಾಗ ಅದು ಒಮ್ಮೊಮ್ಮೆ ನಿಜವಾಗುವುದೂ ಉಂಟು. ಆದರೆ ಸಂಗೀತಪ್ರಿಯರಲ್ಲಿ ಈ ನಂಬಿಕೆ ವಿಚಿತ್ರವಾದ ರೂಪವನ್ನು ತಾಳುತ್ತದೆ. ಗೋಡೆಯ ಪ್ಲಗ್ಗಿನಿಂದ ಆಂಪ್ಲಿಫಾಯರಿಗೆ ವಿದ್ಯುತ್ತನ್ನು ಒಯ್ಯುವ ಎರಡು ಮೀಟರು ತಂತಿಗೆ ಸಾವಿರಾರು ರೂಪಾಯಿ ತೆತ್ತರೆ ಹಾಡು ಇನ್ನಷ್ಟು ಇಂಪಾಗುವುದೆಂದು ಹಲವರು ತಿಳಿದಿದ್ದಾರೆ.

ನನ್ನ ಸೋದರಮಾವನವರೂ ಹಾಗೆಯೇ ತಿಳಿದಿದ್ದರು. ಧಾರವಾಡದಿಂದ ಮುಂಬಯಿಗೆ ಬಂದು, ದುಡಿದು ನಿವೃತ್ತರಾದ ಅವರಿಗೆ ಮಲ್ಲಿಕಾರ್ಜುನ ಮನಸೂರರ ಗಾಯನವೇ ಪರಮಸುಖ. ಅಂಗಡಿಯವನೊಬ್ಬನು ಬಂಗಾರದ ಲೇಪವುಳ್ಳ ದಪ್ಪ ತಂತಿಯೊಂದನ್ನು ಎರಡು ದಿನದ ಪರೀಕ್ಷೆಗೆಂದು ಕೊಟ್ಟಿದ್ದನು. ಬೆಲೆ ಒಂದು ತಿಂಗಳ ಪಿಂಚಣಿಯಷ್ಟು. ಅದನ್ನು ಅತ್ತೆಯವರ ಕಣ್ಣಿನ ಪೊರೆ ತೆಗೆಸಲೆಂದು ಕೂಡಿಟ್ಟ ಹಣದಿಂದಲೇ ತೆರಬೇಕಾಗಿತ್ತು. ಮೊದಲ ರಾತ್ರಿಯೇ ಮಾವನವರು ಕಣ್ಣುಮುಚ್ಚಿ ಕೇಳಿ, “ತಂಬೂರಿ ಎಷ್ಟು ಸ್ವಚ್ಛ ಕೇಳಸ್ತದ ನೋಡು!” ಎಂದರು. ಹಿರಿಯರ ಆನಂದಕ್ಕೆ ಇದಿರು ನುಡಿಯುವುದು ಸುಲಭವಲ್ಲ, ಸುಮ್ಮನಿರುವುದೂ ನನ್ನಿಂದಾಗಲಿಲ್ಲ.

ವಿಚಾರ ಮಾಡಿ ನೋಡಿರಿ. ಖೋಪೋಲಿಯ ಜಲವಿದ್ಯುತ್ ಕೇಂದ್ರ 1915ರಲ್ಲಿ ಆರಂಭವಾಯಿತು. ಅಲ್ಲಿಂದ ಮುಂಬಯಿಗೆ ವಿದ್ಯುತ್ತು ಹತ್ತಾರು ಕಿಲೋಮೀಟರು ದಾಟಿ ಬರುತ್ತದೆ. ಆಮೇಲೆ ಬೀದಿಯ ಕೇಬಲ್ಲು, ಮೀಟರು, ಗೋಡೆಯೊಳಗಿನ ಸಾಧಾರಣ ತಂತಿ. ಕೊನೆಯ ಎರಡು ಮೀಟರು ಬಂಗಾರವಾದ ಮಾತ್ರಕ್ಕೆ ಹಿಂದಿನ ದಾರಿಯೆಲ್ಲ ಬದಲಾದೀತೆ? ಅಲ್ಲದೆ ಈ ವಿದ್ಯುತ್ತು ನೇರವಾಗಿ ನಾದವಾಗುವುದಿಲ್ಲ. ಸೆಕೆಂಡಿಗೆ 50 ಸಲ ಆವರ್ತಿಸುವ 230 ವೋಲ್ಟಿನ ಪ್ರವಾಹವನ್ನು ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರು ತಗ್ಗಿಸುತ್ತದೆ, ರೆಕ್ಟಿಫಾಯರು ಏಕಮುಖವಾಗಿಸುತ್ತದೆ, ಕೆಪಾಸಿಟರುಗಳು ಅದರ ಏರಿಳಿತವನ್ನು ಅಡಗಿಸುತ್ತವೆ. 1.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿಯು, ಹೋಗಿಬರುವ ನಾಲ್ಕು ಮೀಟರಿನಲ್ಲಿ, 1 ಆಂಪಿಯರ್ ಪ್ರವಾಹ ಹರಿದಾಗ ಕಳೆಯುವುದು ಒಂದು ವೋಲ್ಟಿನ ಇಪ್ಪತ್ತರಲ್ಲೊಂದು ಭಾಗವನ್ನು ಮಾತ್ರ.

ಆದರೆ ಕಿವಿಯನ್ನು ಬರಿಯ ಲೆಕ್ಕದಿಂದ ಒಪ್ಪಿಸಲಾಗದು. 1784ರಲ್ಲಿ ಪ್ಯಾರಿಸಿನಲ್ಲಿ ಮೆಸ್ಮರನ ಕಾಂತಚಿಕಿತ್ಸೆಯನ್ನು ಪರೀಕ್ಷಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲಾವೋಸಿಯೆ ಮೊದಲಾದವರಿದ್ದರು. ಆ ಪರೀಕ್ಷೆಯಲ್ಲಿ ಜನರ ಕಣ್ಣಿಗೆ ಬಟ್ಟೆ ಕಟ್ಟಲಾಯಿತು. ಶಕ್ತಿ ಹಾಯುತ್ತಿದೆಯೆಂದು ನಂಬಿದಾಗ ಪರಿಣಾಮ ತೋರಿತು. ತಿಳಿಯದಂತೆ ಹಾಯಿಸಿದಾಗ ತೋರಲಿಲ್ಲ. ಆ ಉಪಾಯವನ್ನೇ ನಾನು ಮಾವನವರ ಮುಂದಿಟ್ಟೆನು. ಅವರು ಸಂತೋಷದಿಂದ ಒಪ್ಪಿದರು. ಪರದೆಯ ಹಿಂದೆ ನಾಣ್ಯವನ್ನು ಚಿಮ್ಮಿ, ಅದು ಬಿದ್ದಂತೆ ಹಳೆಯ ತಂತಿಯನ್ನೋ ಹೊಸದನ್ನೋ ಜೋಡಿಸುತ್ತ ಹತ್ತು ಸಲ ಒಂದೇ ಹಾಡನ್ನು ಕೇಳಿಸಿದೆನು. ಅವರ ಉತ್ತರ ಐದು ಸಲ ಸರಿ, ಐದು ಸಲ ತಪ್ಪು. ಕೇಳದೆಯೇ ಊಹಿಸಿದ್ದರೂ ಅಷ್ಟೇ ಆಗುತ್ತಿತ್ತು!

ಮಾವನವರು ಗಟ್ಟಿಯಾಗಿ ನಕ್ಕು, “ನಿನ್ನೆ ಕೇಳಿದ್ದು ಕಿವಿ ಅಲ್ಲೋ ತಮ್ಮಾ, ರೊಕ್ಕ!” ಎಂದರು. ಮರುದಿನ ತಾವೇ ಹೋಗಿ ತಂತಿಯನ್ನು ಮರಳಿಸಿದರು. ಅತ್ತೆಯವರ ಶಸ್ತ್ರಕ್ರಿಯೆ ಆ ತಿಂಗಳೇ ನಡೆಯಿತು.

ಒಬ್ಬರ ಪರೀಕ್ಷೆ ಲೋಕಕ್ಕೆಲ್ಲ ಪ್ರಮಾಣವಾಗದು; ಆದರೆ ಲೆಕ್ಕವೂ ಕಿವಿಯೂ ಒಂದೇ ಮಾತನ್ನಾಡಿದಾಗ ಕಿವಿಗೊಡುವುದು ಲೇಸು. ಹಾಗೆಂದು ಯಾವ ತಂತಿಯಾದರೂ ಸರಿಯೆಂದಲ್ಲ. ತಕ್ಕ ದಪ್ಪ, ಐ.ಎಸ್.ಐ. ಗುರುತು, ಸರಿಯಾದ ಅರ್ಥಿಂಗು, ಬಿಗಿಯಾದ ಪ್ಲಗ್ಗು ಇವು ಸುರಕ್ಷತೆಗೆ ಬೇಕೇ ಬೇಕು. ನಾದ ತಿದ್ದಬೇಕೆಂಬವರು ಸ್ಪೀಕರನ್ನು ಮೂಲೆಯಿಂದ ಈಚೆಗೆ ಸರಿಸಲಿ, ಬರಿಗೋಡೆಗೆ ದಪ್ಪ ಪರದೆ ಇಳಿಬಿಡಲಿ. ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ಬಾಲಮಿತ್ರರೇ, ಸಂದೇಹಪಡುವುದು ಅವಿನಯವಲ್ಲ. ಆದರೆ ಹಿರಿಯರನ್ನು ವಾದದಲ್ಲಿ ಸೋಲಿಸಲು ಹೊರಡದೆ, ಪರೀಕ್ಷೆಯಲ್ಲಿ ಅವರನ್ನೂ ಜೊತೆಗೂಡಿಸಿಕೊಳ್ಳಿರಿ. ಆಗ ಸತ್ಯವೂ ತಿಳಿಯುವುದು, ನಂಟೂ ಉಳಿಯುವುದು.