ಹೆಬ್ಬೆರಳಿನಷ್ಟು ಹೊಳೆಬಾಗಿಲು

ಗೇಮ್ ಮಾಡೋಕೆ ನಮಗೆ ಒಂದು ರಜೆ ಸಾಕಾಯ್ತು. ಅದರ ಕವರ್ ಚಿತ್ರಕ್ಕೆ ಮಾತ್ರ ಒಂದು ಪೂರ್ತಿ ಸೆಮಿಸ್ಟರ್ ಹೋಯ್ತು. ಇದನ್ನ ಕೇಳಿದ ಸೀನಿಯರ್ ಒಬ್ಬರು "ಕೋಡ್ ಬರೆಯೋರಿಗೆ ಚಿತ್ರದ ಉಸಾಬರಿ ಯಾಕೋ?" ಅಂತ ನಕ್ಕಿದ್ರು. ಆ ಉಸಾಬರಿಯ ಕಥೆಯೇ ಇದು. ನಿಮ್ಮಲ್ಲಿ ಯಾರಾದರೂ ಮುಂದೆ ಗೇಮ್ ಬಿಡುಗಡೆ ಮಾಡುವಾಗ ಉಪಯೋಗಕ್ಕೆ ಬಂದರೂ ಬಂದೀತು.

ನಮ್ಮದು ಸಾಗರ ತಾಲ್ಲೂಕಿನ ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ತುಂಬಿಕೊಂಡ ಮೇಲೆ ನಮ್ಮ ಊರುಗಳಿಗೂ ಸಾಗರ ಪೇಟೆಗೂ ನಡುವೆ ನೀರು ನಿಂತಿತು. ಆಚೆ ದಡ ಅಂಬಾರಗೋಡ್ಲು, ಈಚೆ ದಡ ಕಳಸವಳ್ಳಿ, ನಡುವೆ ಲಾಂಚ್. ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಸಿಗಂದೂರಿಗೆ ಹೊರಟ ಭಕ್ತರು ಎಲ್ಲ ಅದರ ಮೇಲೇ ದಾಟಬೇಕು. ಲಾಂಚ್ ಹತ್ತುವ ಜಾಗಕ್ಕೆ ನಮ್ಮ ಕಡೆ ಹೊಳೆಬಾಗಿಲು ಅಂತಾರೆ. ಹೊಳೆಗೂ ಒಂದು ಬಾಗಿಲು, ಅದಕ್ಕೂ ಹಾಕುವ ಹೊತ್ತು, ತೆಗೆಯುವ ಹೊತ್ತು.

2025ರ ಜುಲೈ 14ಕ್ಕೆ ಅಲ್ಲಿ ಸೇತುವೆ ಉದ್ಘಾಟನೆ ಆಯ್ತು. ಹೆಚ್ಚುಕಮ್ಮಿ 2.4 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ. ಆ ಸುದ್ದಿ ನೋಡಿದ ರಾತ್ರಿಯೇ ನಾನು, ನನ್ನ ರೂಮ್‌ಮೇಟ್ ಸೇರಿ ಲಾಂಚಿನ ಗೇಮ್ ಮಾಡೋದು ಅಂತ ಕೂತ್ವಿ. ಆಟ ಸರಳ. ದಡದಲ್ಲಿ ವಾಹನಗಳ ಸಾಲು, ಲಾಂಚಿನ ಮೇಲೆ ಚೌಕಗಳು. ಬಸ್ಸು ಆರು ಚೌಕ, ಜೀಪು ಎರಡು, ಬೈಕು ಒಂದು. ಹೊರಡುವ ಹೊತ್ತಿನೊಳಗೆ ಎಳೆದು ಎಳೆದು ಹೊಂದಿಸಬೇಕು. ಒಂದೇ ಕಡೆ ಭಾರ ಆದ್ರೆ ಲಾಂಚ್ ವಾಲುತ್ತೆ. ಬಸ್ ಸ್ಟಾಪಲ್ಲಿ ನಿಂತು ಎರಡು ನಿಮಿಷ ಆಡುವಂಥದ್ದು, ಅಷ್ಟೇ.

ಮೊದಲ ಕವರ್ ನಾನೇ ಬರೆದೆ. ಸೂರ್ಯಾಸ್ತ, ಹಿನ್ನೀರು, ಸಾಲು ಗುಡ್ಡ, ನೀರಲ್ಲಿ ಒಣಗಿ ನಿಂತ ಮರದ ಬೊಡ್ಡೆ, ದೂರದಲ್ಲಿ ಸಣ್ಣಗೆ ಲಾಂಚು. ಮೇಲೆ ಹೆಸರು: ‘ಸಿಗಂದೂರು ಲಾಂಚ್ ಸಿಮ್ಯುಲೇಟರ್’. ಲ್ಯಾಪ್‌ಟಾಪ್ ತುಂಬ ಇಟ್ಟು ನೋಡಿದಾಗ ನನಗೇ ಕಣ್ಣು ಮಂಜಾಯ್ತು. ರೂಮ್‌ಮೇಟ್ ವಿಜಯಪುರದವನು, ಲಾಂಚನ್ನ ಒಮ್ಮೆಯೂ ನೋಡಿದವನಲ್ಲ. ಅಲ್ಲಿವರೆಗೆ ಕೋಡಲ್ಲೇ ಮುಳುಗಿದ್ದವನು ಫೋನಲ್ಲಿ ಅದನ್ನ ನೋಡಿ ಕೇಳಿದ, "ಏನ್ಲೇ ಇದು, ರೆಸಾರ್ಟ್ ಬುಕ್ ಮಾಡೋ ಆ್ಯಪ್ ಏನು?"

ಸಿಟ್ಟು ಬಂತು. ಆದ್ರೆ ಅವನು ಹೇಳಿದ್ದು ಸರಿ ಇತ್ತು. ಪ್ಲೇ ಸ್ಟೋರಿಗೆ ಐಕಾನ್ ಕೊಡುವುದು 512×512 ಪಿಕ್ಸೆಲ್, ಮೇಲಿನ ಅಗಲದ ಚಿತ್ರ 1024×500. ಇಚ್.ಐಓದಲ್ಲಿ ಕವರ್ 630×500. ನಾವು ಬರೆಯುವುದು ಆ ಅಳತೆಯಲ್ಲಿ, ಜನ ನೋಡುವುದು ಹೆಬ್ಬೆರಳಿನ ಉಗುರಿನಷ್ಟು. ನನ್ನ ಸೂರ್ಯಾಸ್ತ ಆ ಗಾತ್ರಕ್ಕೆ ಇಳಿದಾಗ ಒಂದು ಕಿತ್ತಳೆ ಕಲೆ, ಒಂದು ಹಸಿರು ಕಲೆ. ಕಪ್ಪುಬಿಳುಪು ಮಾಡಿ ನೋಡಿದೆ. ಗುಡ್ಡ, ನೀರು, ಲಾಂಚು ಮೂರೂ ಒಂದೇ ಬೂದಿ ಬಣ್ಣ!

ನಮ್ಮಮ್ಮ ಬಸ್ಸು ಗುರುತಿಸೋದು ನೆನಪಾಯ್ತು. ತಿರುವಿನಲ್ಲಿ ಬಸ್ಸಿನ ಮೂತಿ ಕಂಡರೆ ಸಾಕು, ಯಾವ ಬಸ್ಸು ಅಂತ ಹೇಳಿಬಿಡ್ತಾರೆ. ಬೋರ್ಡು ಓದುವ ದೂರವೇ ಅಲ್ಲ ಅದು. ಬಣ್ಣ, ಆಕಾರ, ಅಷ್ಟರಲ್ಲೇ ತೀರ್ಮಾನ. ಸ್ಟೋರಲ್ಲಿ ಹೆಬ್ಬೆರಳು ಸರಿಸುತ್ತಾ ಹೋಗುವವರೂ ಹಾಗೇ. 2009ರಲ್ಲಿ ಬಂದ ಆಂಗ್ರಿ ಬರ್ಡ್ಸ್ ನೆನಪು ಮಾಡಿಕೊಳ್ಳಿ. ಆಟದ ತುಂಬ ಹಂದಿ, ಕವಣೆ, ಕಟ್ಟಿಗೆ, ಕಲ್ಲು. ಐಕಾನಲ್ಲಿ ಹುಬ್ಬು ಗಂಟಿಕ್ಕಿದ ಒಂದು ಕೆಂಪು ಹಕ್ಕಿ.

ನಮಗೆ ಬಂದ ಸಲಹೆಗಳು ಬೇರೆಯೇ ಇದ್ವು. ಒಬ್ಬ "ಚೌಡೇಶ್ವರಿ ಅಮ್ಮನ ಫೋಟೋ ಹಾಕ್ರೋ, ಡೌನ್‌ಲೋಡ್ ತಾನಾಗೇ ಬರುತ್ತೆ" ಅಂದ. ಇನ್ನೊಬ್ಬ "ಸೇತುವೆ ಈಗ ಟ್ರೆಂಡಿಂಗ್, ಅದನ್ನೇ ಹಾಕು" ಅಂದ. ಒತ್ತುವವರೇನೋ ಒತ್ತಿಯಾರು. ಆದ್ರೆ ದೇವಿಯ ದರ್ಶನ ಸಿಗುತ್ತೆ ಅಂತ ಬಂದವರಿಗೆ ಜೀಪು ಪಾರ್ಕ್ ಮಾಡೋ ಆಟ ಕೊಟ್ಟರೆ ಏನಂತಾರೆ? ಸೇತುವೆಯಂತೂ ಆಟದೊಳಗೇ ಇಲ್ಲ. ಒಳಗೆ ಇಲ್ಲದ್ದನ್ನ ಬಾಗಿಲಿಗೆ ಅಂಟಿಸಿದರೆ ಬಂದವರು ಅದೇ ಬಾಗಿಲಿಂದ ಹೊರಗೆ ಹೋಗ್ತಾರೆ, ಹೋಗುವಾಗ ಒಂದು ಸ್ಟಾರ್ ಕೊಟ್ಟು. ಎರಡೂ ಬೇಡ ಅಂದೆ. ಹಾಗಾದ್ರೆ ಏನು ಬೇಕು ಅನ್ನೋದು ಮಾತ್ರ ನನಗೂ ಗೊತ್ತಿರಲಿಲ್ಲ.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಅಮ್ಮನಿಗೆ ಆ ಸೂರ್ಯಾಸ್ತ ತೋರಿಸಿದೆ. ದೋಸೆ ಹುಯ್ಯುತ್ತಿದ್ದವರು ಕೈ ಒರೆಸಿಕೊಂಡು ನೋಡಿದರು. "ಚಂದ ಇದೆ. ಆದ್ರೆ ಇದು ನೋಡೋಕೆ ಬಂದವ್ರ ಲಾಂಚ್ ಮಾರಾಯ. ನಾವು ಯಾವತ್ತು ಅಲ್ಲಿ ನಿಂತು ಸೂರ್ಯನ್ನ ನೋಡಿದ್ವಿ? ಜಾಗ ಸಿಗ್ತದೋ ಇಲ್ವೋ ಅಂತ ನೋಡಿದ್ದು."

ಆ ಮಾತಿಗೆ ನನಗೆ ನೆನಪಾದದ್ದು ಎರಡನೇ ಪಿಯುಸಿ ಪರೀಕ್ಷೆಯ ಬೆಳಗ್ಗೆ. ಅಪ್ಪಯ್ಯ ನನ್ನನ್ನ ಬೈಕಲ್ಲಿ ಸಾಗರಕ್ಕೆ ಬಿಡಲು ಹೊರಟಿದ್ದರು. ಕಳಸವಳ್ಳಿ ದಡಕ್ಕೆ ಬರುವಾಗಲೇ ಕಾರುಗಳ ಸಾಲು. ಒಂದೊಂದೇ ಹತ್ತಿ ಲಾಂಚ್ ತುಂಬಿತು. ಬೈಕಿಗೆ ಜಾಗ ಇಲ್ಲ ಅಂತ ಕೈ ಅಡ್ಡ ಬಂತು. ಅಪ್ಪಯ್ಯ "ಇಳಿ, ಓಡು. ಆಚೆ ದಡದಲ್ಲಿ ಬಸ್ಸು ಹತ್ತು" ಅಂದರು. ಓಡಿ ಹತ್ತಿದೆ. ತಿರುಗಿ ನೋಡಿದರೆ ದಡದಲ್ಲಿ ಬೈಕು, ಪಕ್ಕದಲ್ಲಿ ಅಪ್ಪಯ್ಯ. ಪರೀಕ್ಷೆ ಸಿಕ್ಕಿತು. ಆದರೆ ನಡುವೆ ನೀರು ಅಗಲ ಆಗ್ತಾ ಹೋದದ್ದು ಇವತ್ತಿಗೂ ಕಣ್ಣಲ್ಲಿದೆ.

ನಮ್ಮ ಆಟವೂ ಅದೇ ಅಲ್ವಾ? ಕೊನೆಯದೊಂದಕ್ಕೆ ಜಾಗ ಸಿಗ್ತದೋ ಇಲ್ವೋ. ಮೂರು ತಿಂಗಳು ಕೂತು ಆಟ ಮಾಡಿದ್ದು ಅದರ ಮೇಲೆ, ಕವರ್ ಬರೆದದ್ದು ಮಾತ್ರ ಬೇರೆ ಯಾವುದೋ ಲಾಂಚಿಂದು.

ಹೊಸ ಕವರ್‌ನಲ್ಲಿ ಉಳಿದದ್ದು ಮೂರೇ ವಸ್ತು: ತುಂಬಿದ ಲಾಂಚಿನ ಹಿಂಭಾಗ, ಅದರಲ್ಲಿ ಒಂದೇ ಒಂದು ಖಾಲಿ ಚೌಕ, ದಡದಲ್ಲಿ ಕಾಯುತ್ತಿರುವ ಒಂದು ಬೈಕು. ಗುಡ್ಡ ತೆಗೆದೆ. ಸೂರ್ಯನನ್ನೂ ತೆಗೆದೆ, ಅದಕ್ಕೆ ಮಾತ್ರ ಒಂದು ವಾರ ಹಿಡೀತು. ದಡದ ಮಣ್ಣು ಕಡು ಕೆಂಪು, ಬೈಕು ಹಳದಿ, ಖಾಲಿ ಚೌಕವೂ ಅದೇ ಹಳದಿ. ಎರಡು ಹಳದಿ ಕಂಡರೆ ಇದು ಅಲ್ಲಿಗೆ ಹೋಗಬೇಕು ಅಂತ ಕಣ್ಣೇ ಹೇಳುತ್ತೆ, ಅಕ್ಷರ ಬೇಡ. ಐಕಾನ್‌ನ ಮೂಲೆಗಳನ್ನ ಸ್ಟೋರೇ ದುಂಡಗೆ ಕತ್ತರಿಸುತ್ತೆ, ಹಾಗಾಗಿ ಮೂಲೆಯಲ್ಲಿ ಏನೂ ಇಡಲಿಲ್ಲ. ಐಕಾನ್ ಮೇಲೆ ಹೆಸರೂ ಇಲ್ಲ. ಅಗಲದ ಚಿತ್ರದಲ್ಲಿ ಮಾತ್ರ ಹೆಸರು ಇಟ್ಟೆ, ಅದನ್ನೂ ಬದಲಾಯಿಸಿ. ‘ಸಿಮ್ಯುಲೇಟರ್’ ಸಣ್ಣದಾದಾಗ ಮ ಕೆಳಗಿನ ಒತ್ತು ಕಲಸಿಹೋಗುತ್ತಿತ್ತು. ‘ಹೊಳೆಬಾಗಿಲು’ ಅನ್ನೋ ಪದದಲ್ಲಿ ಒಂದೂ ಒತ್ತಕ್ಷರ ಇಲ್ಲ ನೋಡಿ! ಎಷ್ಟು ಚಿಕ್ಕದು ಮಾಡಿದರೂ ಓದಬಹುದು. ಕನ್ನಡದಲ್ಲಿ ಆ್ಯಪ್ ಹೆಸರಿಡುವವರು ಇದನ್ನೊಂದು ಗಮನಿಸಿ.

ಹೊಸ ವೈಯಕ್ತಿಕ ಖಾತೆಯವರು ಪ್ಲೇ ಸ್ಟೋರಿಗೆ ಬಿಡುವ ಮೊದಲು 12 ಜನರಿಂದ 14 ದಿನ ಪರೀಕ್ಷೆ ಮಾಡಿಸಬೇಕು. ಹಾಸ್ಟೆಲ್‌ನವರನ್ನೂ ನೆಂಟರನ್ನೂ ಹಿಡಿದೆ. ಆಡಿಸುವ ಮೊದಲು ಪ್ರತಿಯೊಬ್ಬರಿಗೂ ಫೋನನ್ನ ಒಂದು ಕ್ಷಣ ತೋರಿಸಿ ಹಿಂದಕ್ಕೆ ತಗೊಂಡು ಕೇಳ್ತಿದ್ದೆ, "ಇದರಲ್ಲಿ ಏನು ಮಾಡ್ಬೇಕು?" ಚಂದ ಇದೆಯಾ ಅಂತ ಯಾವತ್ತೂ ಕೇಳಬೇಡಿ. ನೆಂಟರು, ಗೆಳೆಯರು ಎಲ್ಲ ಚಂದ ಇದೆ ಅಂತಲೇ ಹೇಳ್ತಾರೆ. ಏನು ಮಾಡ್ಬೇಕು ಅಂತ ಕೇಳಿದರೆ ಸುಳ್ಳು ಹೇಳೋಕಾಗಲ್ಲ. ಲಾಂಚ್ ನೋಡದ ಹುಬ್ಬಳ್ಳಿ ಹುಡುಗಿಯೊಬ್ಬಳು "ಆ ಗಾಡಿ ಹತ್ತಿಸ್ಬೇಕು" ಅಂದಾಗ ನಾನು, ರೂಮ್‌ಮೇಟ್ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

ಗೇಮ್ ದೊಡ್ಡ ಹಿಟ್ ಏನೂ ಆಗಲಿಲ್ಲ. ಆದ್ರೆ ನಮಗೆ ಗುರುತೇ ಇಲ್ಲದವರು ಆಡ್ತಿದ್ದಾರೆ. ಮೊದಲ ಕವರ್ ಇಟ್ಟು ಇಚ್.ಐಓಗೆ ಹಾಕಿದ್ದಾಗ ನಮ್ಮ ಕ್ಲಾಸಿನವರು ಬಿಟ್ಟು ಒಬ್ಬರೂ ಇರಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅಪ್ಪಯ್ಯ ನನ್ನನ್ನ ಬೈಕಲ್ಲೇ ಸೇತುವೆ ದಾಟಿಸಿ ಕರೆದುಕೊಂಡು ಬಂದರು. ಎಲ್ಲೂ ನಿಲ್ಲಲಿಲ್ಲ. ಸೇತುವೆ ಬಂದದ್ದು ಅವರಿಗೆ ಖುಷಿಯೇ, ಲಾಂಚಿನ ಬಗ್ಗೆ ನನಗಿರುವ ಹಳಹಳಿ ಅವರಿಗಿಲ್ಲ. ಮನೆಯಲ್ಲಿ ಕೂತು ಗೇಮ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಐಕಾನನ್ನೇ ಸುಮಾರು ಹೊತ್ತು ನೋಡಿದರು.

"ನಮ್ ಬೈಕು ಕಪ್ಪಲ್ವ?"

"ಹಳದಿ ಆದ್ರೆ ದೂರದಿಂದ ಕಾಣ್ತದೆ ಅಪ್ಪಯ್ಯ."

"ಅವತ್ತು ಲಾಂಚ್ ಮೇಲಿಂದ ನಾ ಕಂಡಿದ್ನ ನಿಂಗೆ?"

"ಕಂಡಿದ್ರಿ."

ಮತ್ತೆ ಮಾತಾಡಲಿಲ್ಲ. ಆಟ ಶುರು ಮಾಡಿದರು. ಬಸ್ಸು, ಜೀಪು ಎಲ್ಲ ದಡದಲ್ಲೇ ಬಿಟ್ಟು ಮೊದಲು ಬೈಕನ್ನ ಎಳೆದು ಲಾಂಚಿನ ನಟ್ಟನಡುವೆ ನಿಲ್ಲಿಸಿದರು. ನಮ್ಮ ಆಟದ ಲೆಕ್ಕದಲ್ಲಿ ಅದು ತಪ್ಪು, ಬಸ್ಸಿಗೆ ಜಾಗ ಉಳಿಯಲಿಲ್ಲ. ಸೋತರು.

"ಇನ್ನೊಂದ್ಸಲ" ಅಂದರು.